ಸಹಾಯ ಬೇಕು: ರಿಚರ್ಡ್ ರೋಲ್‌ನ ಕೀರ್ತನೆ ವ್ಯಾಖ್ಯಾನ ಕನ್ನಡಕ್ಕೆ

ಯಾರ್ಕ್‌ಶೈರ್‌ನ ಏಕಾಂತವಾಸಿ ರಿಚರ್ಡ್ ರೋಲ್ (ನಿಧನ 1349) ಬೈಬಲ್ಲಿನ ಕೀರ್ತನೆಗಳಿಗೆ ಬರೆದ ಇಂಗ್ಲಿಷ್ ವ್ಯಾಖ್ಯಾನದ ಆಯ್ದ ಭಾಗಗಳನ್ನು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಎರಡು ಕಡೆ ಸಿಕ್ಕಿಕೊಂಡಿದೆ.

ಮೊದಲನೆಯದು ಸಂಖ್ಯೆ. ರೋಲ್ ಅನುಸರಿಸುವುದು ವಲ್ಗೇಟ್ ಎಂಬ ಲ್ಯಾಟಿನ್ ಬೈಬಲ್ಲಿನ ಕ್ರಮ. ಅಲ್ಲಿ 9 ಮತ್ತು 10 ಒಂದೇ ಕೀರ್ತನೆ. ಹಾಗಾಗಿ ಜಿಂಕೆಯ ಬಾಯಾರಿಕೆಯ ಕೀರ್ತನೆ ಅವನಲ್ಲಿ 41, ನಮ್ಮ ಪ್ರೊಟೆಸ್ಟಂಟ್ ಕನ್ನಡ ಬೈಬಲ್ಲಿನಲ್ಲಿ 42. ಸುಮ್ಮನೆ ಒಂದು ಕೂಡಿಸಿದರೆ ಆಗದು: ನಮ್ಮ 114–115 ಸೇರಿ ಅಲ್ಲಿ 113 ಆಗುತ್ತದೆ, 116 ಒಡೆದು ಎರಡಾಗುತ್ತದೆ, 148ರಿಂದ ಮತ್ತೆ ಸರಿಹೋಗುತ್ತದೆ. ವಚನಗಳದ್ದು ಇನ್ನೊಂದು ತಲೆನೋವು. ವಲ್ಗೇಟ್‌ನಲ್ಲಿ ಕೀರ್ತನೆಯ ಶೀರ್ಷಿಕೆಯೂ ಒಂದು ವಚನವೆಂದೇ ಲೆಕ್ಕ, ಅದಕ್ಕೇ 42:7 ಅಲ್ಲಿ 41:8. ಕನ್ನಡ ಓದುಗರಿಗೆ ಎರಡೂ ಸಂಖ್ಯೆ ಕೊಡಬೇಕೇ, ಒಂದೇ ಸಾಕೇ?

ಎರಡನೆಯದೇ ನಿಜವಾದ ಕಗ್ಗಂಟು: ರೋಲ್ ಬಳಸುವ 'ಕಾನೋರ್' ಎಂಬ ಲ್ಯಾಟಿನ್ ಪದ. ರೋಲ್ ಹೇಳುವ ಅನುಭವಗಳು ಮೂರು: ಬಿಸುಪು, ಸವಿ, ಮತ್ತು ಪ್ರಾರ್ಥನೆಯೇ ಒಳಗೆ ಹಾಡಾಗುವ ಈ ಸ್ಥಿತಿ. 'ಅನಾಹತ ನಾದ' ಎಂದರೆ ಹಠಯೋಗದ ವಾಸನೆ ಬಡಿಯುತ್ತದೆ. 'ಗಾನ' ಎಂದರೆ ಬರೀ ಸಂಗೀತ ಕಚೇರಿ. 'ಒಳಹಾಡು' ಸದ್ಯಕ್ಕೆ ಇಟ್ಟಿದೆ. ಎದ್ದು ಕಾಣುವ ಪದ ಬೇಡ. ಸುಲಭವಾದ, ಬಳಕೆಯ ಮಾತನ್ನೇ ಆರಿಸಿದ್ದಾಗಿ ರೋಲ್ ತನ್ನ ಮುನ್ನುಡಿಯಲ್ಲೇ ಹೇಳಿದ್ದಾನೆ.

ಕನ್ನಡ ಕಥೋಲಿಕ ಪ್ರಾರ್ಥನಾ ಪುಸ್ತಕಗಳ ಪರಿಚಯ ಇರುವವರು ದಯವಿಟ್ಟು ತಿಳಿಸಿ: ಅಲ್ಲಿ ಇದಕ್ಕೆ ಹತ್ತಿರದ ಪದ ಬಳಕೆಯಲ್ಲಿದೆಯೇ?