ಸಹಾಯ ಬೇಕು: ಈ ಹುಲ್ಲು ಯಾವುದೆಂದು ಗುರುತಿಸಿಕೊಡಿ

ಎಲ್ಲರಿಗೂ ನಮಸ್ಕಾರ. ಬದುವಿನಲ್ಲಿದ್ದ ಹುಲ್ಲೊಂದು ಈಗ ಹೊಲದೊಳಕ್ಕೆ ನುಗ್ಗುತ್ತಿದೆ. ಎಷ್ಟು ಕೊಯ್ದರೂ ಬುಡದಿಂದ ಮತ್ತೆ ಚಿಗುರುತ್ತದೆ, ಬಹುವಾರ್ಷಿಕವೇ ಇರಬೇಕು. ಫೋಟೋ ಹಾಕಿದ್ದೇನೆ.

ಕಾಂಡ ಬೆರಳಲ್ಲಿ ಉರುಳಿಸಿದರೆ ದುಂಡಗಿದೆ, ಮೂರು ಮೂಲೆಯಿಲ್ಲ. ಹಾಗಾಗಿ ಕೊನ್ನಾರಿ ಗಡ್ಡೆ ಅಲ್ಲ. ಎಲೆ ನೆಟ್ಟಗಿದೆ, ಅಂಚು ಗರಗಸದ ಹಾಗೆ ಕೈ ಕೊಯ್ಯುತ್ತದೆ. ಅಗೆದರೆ ಬಿಳಿ ಬೇರುಕಾಂಡ, ಗೆಣ್ಣಿಗೆಲ್ಲ ಒಣ ಸಿಪ್ಪೆ. ಅದರ ತುದಿ ಎಷ್ಟು ಚೂಪೆಂದರೆ, ಪಕ್ಕದಲ್ಲಿದ್ದ ಗೆಣಸೊಂದನ್ನು ತೂರಿಕೊಂಡು ಆಚೆ ಹೋಗಿದೆ!

ನನಗಿರುವ ಅನುಮಾನ ಇಂಪರೇಟಾ ಸಿಲಿಂಡ್ರಿಕಾ ಇಲ್ಲವೇ ಜಾನ್ಸನ್ ಹುಲ್ಲು. ಇಂಪರೇಟಾದ ಬಿಳಿ ನಡುನರ ಸಾಮಾನ್ಯವಾಗಿ ಒಂದು ಪಕ್ಕಕ್ಕೆ ಸರಿದಿರುತ್ತದೆ, ತೆನೆ ರೇಷ್ಮೆಯಂತೆ ಬೆಳ್ಳಗಿರುತ್ತದೆ. ಜಾನ್ಸನ್ ಹುಲ್ಲು ಜೋಳದ ಜಾತಿಯದು, ನರ ನಟ್ಟನಡುವೆ, ತೆನೆ ಬಿಡಿಬಿಡಿ. ನಮ್ಮದರ ಅಗಲ ಎಲೆಗಳಲ್ಲಿ ನರ ಪಕ್ಕಕ್ಕಿದೆ, ಎಳೆಯ ಎಲೆಗಳಲ್ಲಿ ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿಲ್ಲ. ಇನ್ನೂ ತೆನೆ ಬಿಟ್ಟಿಲ್ಲ.

ಇದು ತಿಳಿಯಲೇಬೇಕಾಗಿದೆ. ಜಾನ್ಸನ್ ಹುಲ್ಲಿನ ಎಳೆ ಚಿಗುರಿನಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದಾಗ, ಸಯನೈಡ್ ವಿಷ ಸೇರಿ ದನಗಳ ಜೀವಕ್ಕೇ ಕುತ್ತು. ಗೊತ್ತಾಗುವವರೆಗೆ ಒಂದು ಹಿಡಿಯನ್ನೂ ದನಕ್ಕೆ ಹಾಕುವುದಿಲ್ಲ. ರೋಟವೇಟರ್ ಕೂಡ ಹೊಡೆಸುತ್ತಿಲ್ಲ, ಎರಡರಲ್ಲಿ ಯಾವುದಾದರೂ ಬೇರುಕಾಂಡದ ತುಂಡು ತುಂಡೂ ಹೊಸ ಗಿಡವಾಗುತ್ತದೆ.

ತೆನೆ ಬರುವ ಮೊದಲೇ ಇವೆರಡನ್ನು ಬೇರೆ ಮಾಡಿ ಗುರುತಿಸುವುದು ಹೇಗೆ? ಎಲೆಯ ಬುಡದ ಫೋಟೋ ಬೇಕಿದ್ದರೆ ಹೇಳಿ, ತೆಗೆದು ಹಾಕುತ್ತೇನೆ. ಇಂಪರೇಟಾಗೆ ನೆರಳು ಆಗುವುದಿಲ್ಲ. ದಟ್ಟವಾಗಿ ಹಬ್ಬುವ ದ್ವಿದಳ ಬಳ್ಳಿ ಬೆಳೆಸಿ ಅದನ್ನು ಹತೋಟಿಗೆ ತಂದವರಿದ್ದರೆ ದಯವಿಟ್ಟು ನಿಮ್ಮ ಅನುಭವ ಬರೆಯಿರಿ.