ಕಾಗದ ಇಡುವ ಹಳೇ ಇಂಗ್ಲಿಷ್ ಪೆಟ್ಟಿಗೆ: ಮುಚ್ಚಳದ ಚಿತ್ರ ಬಣ್ಣದ್ದೋ, ಮರದ್ದೋ?

ಕೆಂಟ್‌ವಾಸಿ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ಕೆಂಟ್‌ನಲ್ಲಿ. ಇಲ್ಲಿನ ಒಂದು ಚಾರಿಟಿ ಅಂಗಡಿಯಲ್ಲಿ ಮರದ ಪೆಟ್ಟಿಗೆ ಸಿಕ್ಕಿತು. ಮುಂದಕ್ಕೆ ಇಳಿಜಾರಾದ ಮುಚ್ಚಳ. ಒಳಗೆ ಕಾಗದ, ಲಕೋಟೆ ನಿಲ್ಲಿಸಿಡಲು ಖಾನೆಗಳಿವೆ, ಹಿಂದಿನದು ಎತ್ತರ, ಮುಂದಿನದು ಗಿಡ್ಡ. ಮುಚ್ಚಳದ ನಡುವೆ ಒಂದು ಕೋಟೆ, ಸುತ್ತ ಗುಲಾಬಿ ಹೂವಿನ ಅಂಚು. ಎಲ್ಲವೂ ಸಾಸಿವೆಗಿಂತ ಚಿಕ್ಕ ಚೌಕಗಳಲ್ಲಿ. ದೂರದಿಂದ ನೋಡಿದರೆ ಥೇಟ್ ಉಲ್ಲನ್ ಕಸೂತಿ!

ಇದು ಬಣ್ಣ ಬಳಿದದ್ದಾ? ಎಷ್ಟು ಹಳೆಯದಿರಬಹುದು? ಬಲಗಡೆ ಮೂಲೆಯಲ್ಲಿ ಒಂದಷ್ಟು ಚೌಕ ಉದುರಿವೆ. ಬೀಗ ಇದೆ, ಕೀ ಇಲ್ಲ. ನಮ್ಮ ಯಜಮಾನರು ಆಗಲೇ ಸ್ಯಾಂಡ್ ಪೇಪರ್, ವಾರ್ನಿಷ್ ತಂದು ಇಟ್ಟುಕೊಂಡು ಶನಿವಾರಕ್ಕೆ ಕಾಯುತ್ತಿದ್ದಾರೆ.

ಬೀಟೆಮರ:
ಮೊದಲು ಆ ಸ್ಯಾಂಡ್ ಪೇಪರನ್ನು ಅವರ ಕೈಗೆ ಸಿಗದ ಹಾಗೆ ಎತ್ತಿಡಿ ಮೇಡಂ. ಆಮೇಲೆ ಮಾತಾಡೋಣ.

ನೀವು ಹೇಳುವುದನ್ನು ನೋಡಿದರೆ ಇದು ಟನ್‌ಬ್ರಿಜ್ ಕೆಲಸ. ನಿಮ್ಮದೇ ಕೌಂಟಿಯ ಟನ್‌ಬ್ರಿಜ್ ವೆಲ್ಸ್ ಊರಿನ ಕಸುಬು. ಬಣ್ಣ ಬಳಿದಿಲ್ಲ, ಅಷ್ಟೂ ಮರ. ಬೇರೆ ಬೇರೆ ಮರದ ತೆಳು ಕಡ್ಡಿಗಳನ್ನು ಚೌಕುಳಿ ಕಾಗದದ ನಕ್ಷೆ ನೋಡಿಕೊಂಡು ಸಾಲು ಸಾಲಾಗಿ ಜೋಡಿಸಿ, ಅಂಟು ಹಾಕಿ, ಬಿಗಿಯಾಗಿ ಒತ್ತಿ ಒಂದು ದಿಮ್ಮಿ ಮಾಡುತ್ತಿದ್ದರು. ದಿಮ್ಮಿಯ ತುದಿಯಲ್ಲಿ ಗುಲಾಬಿ ಕಾಣುತ್ತದೆ. ಅದನ್ನು ಸಣ್ಣ ಹಲ್ಲಿನ ಗರಗಸದಿಂದ ಅಡ್ಡಡ್ಡ ಕೊಯ್ಯುವುದು. ಪತ್ರೊಡೆ ಸುರುಳಿ ಕೊಯ್ದರೆ ಪ್ರತಿ ಬಿಲ್ಲೆಯಲ್ಲೂ ಅದೇ ಸುಳಿ ಬರುತ್ತದಲ್ವಾ, ಹಾಗೆ ಪ್ರತಿ ಬಿಲ್ಲೆಯಲ್ಲೂ ಅದೇ ಗುಲಾಬಿ. ಆ ಬಿಲ್ಲೆಯನ್ನು ಪೆಟ್ಟಿಗೆ ಮೇಲೆ ಅಂಟಿಸಿದರೆ ಮುಗಿಯಿತು. ಕಸೂತಿ ಅಂದಿರಲ್ಲ, ಸರಿಯಾಗೇ ಇದೆ. ಹತ್ತೊಂಬತ್ತನೇ ಶತಮಾನದ ಹೆಂಗಸರು ಹಾಕುತ್ತಿದ್ದ ಬರ್ಲಿನ್ ಉಲ್ಲನ್ ಕಸೂತಿಯ ನಕ್ಷೆಗಳನ್ನೇ ಇವರೂ ಬಳಸುತ್ತಿದ್ದರು.

ನಾನು ಕೆಲಸ ಕಲಿತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ನಮ್ಮ ಇನ್ಲೇ ರೀತಿಯೇ ಬೇರೆ. ಆನೆ ಬೇಕಾದರೆ ಆನೆಯ ಒಂದೊಂದು ಭಾಗವನ್ನೂ ಬೇರೆ ಬೇರೆ ಮರದಲ್ಲಿ ಕೊಯ್ದು, ಬೀಟೆ ಹಲಗೆಯಲ್ಲಿ ಅಷ್ಟೇ ಅಳತೆಗೆ ಗುಳಿ ತೆಗೆದು ಕೂರಿಸುತ್ತೇವೆ. ಎರಡನೇ ಆನೆಗೆ ಮತ್ತೆ ಮೊದಲಿಂದ ಶುರು. ಟನ್‌ಬ್ರಿಜ್‌ನವರ ಶ್ರಮವೆಲ್ಲ ದಿಮ್ಮಿ ಕಟ್ಟುವುದರಲ್ಲಿ. ಅದು ಮುಗಿದ ಮೇಲೆ ಬಿಲ್ಲೆ ಮೇಲೆ ಬಿಲ್ಲೆ. ಜಾಣರು!

ಒಂದು ಭೂತಗನ್ನಡಿ ಹಿಡಿದು ಹಸಿರು ಎಲೆ ನೋಡಿ. ಆ ಹಸಿರು ಓಕ್ ಮರದ್ದು. ಕಾಡಲ್ಲಿ ಬಿದ್ದ ಕೊಂಬೆಗೆ ಒಂದು ಜಾತಿಯ ಶಿಲೀಂಧ್ರ ಹತ್ತಿದರೆ ಮರ ಒಳಗೊಳಗೇ ನೀಲಿ ಹಸಿರಾಗುತ್ತದೆ. ಅದನ್ನು ಹುಡುಕಿ ತರುತ್ತಿದ್ದರು. ಬೂದು ಬಣ್ಣಕ್ಕೆ ಮರವನ್ನು ಆ ಊರಿನ ಕಬ್ಬಿಣದಂಶದ ಬುಗ್ಗೆ ನೀರಲ್ಲಿ ನೆನೆಸುತ್ತಿದ್ದರು. ಬಿಳಿಗೆ ಹಾಲಿ (holly) ಎಂಬ ಮರ. ಅದು ಈಗ ಹಳದಿಗೆ ತಿರುಗಿರುತ್ತದೆ, ಕೊಳೆ ಅಂತ ತಿಕ್ಕಬೇಡಿ.

ಬಿಲ್ಲೆಯ ದಪ್ಪ ಒಂದೂವರೆ ಮಿಲಿಮೀಟರಿನ ಆಸುಪಾಸು. ಈಗಾಗಲೇ ಯಾರಾದರೂ ಉಜ್ಜಿದ್ದರೆ ಇನ್ನೂ ಕಮ್ಮಿ. ಶನಿವಾರ ಒಂದು ಗಂಟೆ ಉಜ್ಜಿದರೆ ಕೋಟೆ ನೆಲಸಮ. ಒದ್ದೆ ಬಟ್ಟೆಯೂ ಬೇಡ. ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದು, ನೀರು ತಾಗಿದರೆ ಸಡಿಲವಾಗುತ್ತದೆ. ಒಣ ಮೆತ್ತನೆ ಬ್ರಷ್ ಸಾಕು. ಉದುರಿದ ಚೌಕಗಳು ಪೆಟ್ಟಿಗೆಯ ಸಂದಿಯಲ್ಲಿ ಸಿಕ್ಕರೆ ಡಬ್ಬಿಯಲ್ಲಿ ಹಾಕಿಡಿ. ಫೆವಿಕಾಲ್ ಮುಟ್ಟಿಸಬೇಡಿ. ಅದೇ ಪ್ರಾಣಿ ಅಂಟನ್ನು ಬಿಸಿ ಮಾಡಿ ಕೂರಿಸಿದರೆ ನಾಳೆ ಬೇಕೆಂದಾಗ ಬಿಚ್ಚಬಹುದು.

ಹಿತ್ತಾಳೆಪಟ್ಟಿ:
ಬೀಟೆಮರ ಸರ್ ಹೇಳಿದ್ದು ಸರಿ. ಆದರೆ ನನಗೆ ಈ ಟನ್‌ಬ್ರಿಜ್ ಅಲಂಕಾರ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ, ಒಂದಿಂಚೂ ಖಾಲಿ ಬಿಡುವುದಿಲ್ಲ. ವಾಲ್‌ನಟ್ ಮರದ ಗಂಟಿನಿಂದ ಕೊಯ್ದ ತೆಳು ಹೊದಿಕೆ (ವಿನೀರ್), ಮೂಲೆಗೆ ಹಿತ್ತಾಳೆ ಪಟ್ಟಿ, ಅಷ್ಟಿದ್ದರೆ ಅದರ ಗತ್ತೇ ಬೇರೆ.

ವಯಸ್ಸಿಗೆ ಒಂದು ಗುರುತು ಹೇಳುತ್ತೇನೆ. ಲಕೋಟೆಗೆ ಅಂತಲೇ ಖಾನೆ ಇದ್ದರೆ ಸಾಮಾನ್ಯವಾಗಿ 1840ರ ನಂತರದ್ದು. ಅದಕ್ಕೆ ಮುಂಚೆ ಅಂಚೆ ದರ ಹಾಳೆ ಲೆಕ್ಕ, ದೂರದ ಲೆಕ್ಕ. ಲಕೋಟೆ ಹಾಕಿದರೆ ಅದೂ ಇನ್ನೊಂದು ಹಾಳೆ. ಯಾರು ಹಾಕುತ್ತಾರೆ? ಕಾಗದವನ್ನೇ ಮಡಚಿ ಅರಗಿನ ಮುದ್ರೆ ಒತ್ತಿ ಕಳಿಸುತ್ತಿದ್ದರು. 1840ರ ಜನವರಿ 10ರಿಂದ ಅರ್ಧ ಔನ್ಸ್ ಒಳಗಿನ ಪತ್ರ ಬ್ರಿಟನ್ನಿನೊಳಗೆ ಎಲ್ಲಿಗೇ ಹೋಗಲಿ, ಒಂದೇ ಪೆನ್ನಿ. ಆಮೇಲೆ ಪತ್ರವೂ ಜಾಸ್ತಿ, ಲಕೋಟೆಯೂ ಜಾಸ್ತಿ, ಇಂಥ ಪೆಟ್ಟಿಗೆಯೂ ಜಾಸ್ತಿ.

ಬೀಗದ ತಗಡಿನ ಮೇಲೆ ಕಿರೀಟ, ವಿ.ಆರ್. ಅಂತ ಇದೆಯಾ ನೋಡಿ, ವಿಕ್ಟೋರಿಯಾ ರಾಣಿಯ ಗುರುತು. ಕೀ ಇಲ್ಲ ಅಂತ ಪಿನ್ನು, ಸೂಜಿ ಹಾಕಿ ತಿರುಗಿಸಬೇಡಿ. ಬ್ರಾಮಾ ಎಂಬ ಲಂಡನ್ ಕಂಪನಿಯ ಬೀಗವಾದರಂತೂ ಆಗುವುದೇ ಇಲ್ಲ. ಆ ಕಂಪನಿ ಸವಾಲಿಗಿಟ್ಟ ಬೀಗವನ್ನು 1851ರಲ್ಲಿ ಹಾಬ್ಸ್ ಎಂಬ ಅಮೆರಿಕನ್ ಬಿಚ್ಚಿ 200 ಗಿನಿ ಗೆದ್ದ. ಅವನಿಗೂ ದಿನಗಟ್ಟಲೆ ಹಿಡಿಯಿತು.

ಕೆಂಟ್‌ವಾಸಿ:
ಸ್ಯಾಂಡ್ ಪೇಪರ್ ಅಡಗಿಸಿಟ್ಟೆ. ಯಜಮಾನರಿಗೆ ಸ್ವಲ್ಪ ಬೇಜಾರಾಗಿದೆ. ಬೀಗದ ಮೇಲೆ ಕಿರೀಟ ಇದೆ! ಪೆಟ್ಟಿಗೆಯ ತಳದಲ್ಲಿ ಹರಿದ ಚೀಟಿಯೂ ಇದೆ. ‘ಬಾರ್ಟನ್, ಲೇಟ್ ನೈ’ ಅಂತ ಓದಲು ಬರುತ್ತದೆ.

ಬೀಟೆಮರ:
ಒಳ್ಳೇ ಕೈಯ ಕೆಲಸವೇ ನಿಮಗೆ ಸಿಕ್ಕಿದೆ. ಎಡ್ಮಂಡ್ ನೈ ಅಂದರೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ತನ್ನ ಕೆಲಸ ಇಟ್ಟಿದ್ದ ಕಸುಬುದಾರ. 1863ರಲ್ಲಿ ಅವನು ತೀರಿಕೊಂಡ ಮೇಲೆ ಅಂಗಡಿ ನಡೆಸಿದವನು ಥಾಮಸ್ ಬಾರ್ಟನ್. ಹಾಗಾಗಿ ನಿಮ್ಮದು 1863ಕ್ಕಿಂತ ಈಚಿನದು. ಚೀಟಿ ಕೀಳಬೇಡಿ, ಅದರ ಮೇಲೆ ಟೇಪ್ ಕೂಡ ಹಾಕಬೇಡಿ. ಟನ್‌ಬ್ರಿಜ್ ವೆಲ್ಸ್‌ನ ಅಮೀಲಿಯಾ ಸ್ಕಾಟ್ ಕೇಂದ್ರದಲ್ಲಿ ಈ ಕೆಲಸದ ದೊಡ್ಡ ಸಂಗ್ರಹ ಇದೆ, ಯಜಮಾನರನ್ನೂ ಕರೆದುಕೊಂಡು ಹೋಗಿ. ಪೆಟ್ಟಿಗೆಯನ್ನು ರೇಡಿಯೇಟರ್ ಪಕ್ಕ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಡಬೇಡಿ. ಮೂಲೆಯ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಎಷ್ಟು ಚೌಕ ಹೋಗಿವೆ ನೋಡಿ ಹೇಳುತ್ತೇನೆ.