ಎಂಟು ಜನ, ಕಣ್ಣೀರು ತರಿಸುವ ಅನಿಮೇಷನ್ ಸಿನಿಮಾ: 2ಡಿಯೋ 3ಡಿಯೋ, ಯಾವ ಸಾಲು, ಯಾವ ಶೋ?

ಪ್ರಶ್ನೆ | ಕೊನೇಬೆಂಚು

ಶನಿವಾರ ಮೈಸೂರಿನ ಮಲ್ಟಿಪ್ಲೆಕ್ಸ್‌ಗೆ ಗೆಳೆಯರೆಲ್ಲ ಒಟ್ಟಿಗೆ ಹೋಗುವುದು ಅಂತ ಆಗಿದೆ. ಆರು ಜನ ದೊಡ್ಡವರು, ಐದು ಮತ್ತು ಒಂಬತ್ತು ವರ್ಷದ ಎರಡು ಮಕ್ಕಳು. ಇಂಗ್ಲಿಷ್ ಅನಿಮೇಷನ್, 100 ನಿಮಿಷದ ಒಳಗೆ ಮುಗಿಯುತ್ತೆ. ಅಜ್ಜಿ-ಮೊಮ್ಮಗಳ ಕಥೆ, ಕೊನೆಗೆ ಕರ್ಚೀಫು ಬೇಕೇ ಬೇಕು ಅಂತ ನೋಡಿ ಬಂದವರ ಮಾತು.

ಕೇಳಬೇಕಾದ್ದು ಇಷ್ಟು. 3ಡಿಗೆ ದುಡ್ಡು ಹಾಕಬಹುದಾ? ಎಂಟು ಸೀಟು ಒಟ್ಟಿಗೆ ಸಿಗ್ತಿರೋದು ಮುಂದಿನಿಂದ ಮೂರನೇ ಸಾಲಲ್ಲಿ ಮಾತ್ರ, ತಗೊಳ್ಳೋದಾ? ಚಿಕ್ಕವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರಲ್ಲ, ಇಂಗ್ಲಿಷ್ ಬದಲು ಹಿಂದಿ ಶೋ ವಾಸಿಯಾ? ಸರ್ಟಿಫಿಕೇಟ್ ‘ಯುಎ 7+’ ಅಂತಿದೆ, ಐದು ವರ್ಷದವನನ್ನು ಗೇಟಲ್ಲಿ ತಡೀತಾರಾ?

ಉತ್ತರ | ಪ್ರೊಜೆಕ್ಟರ್ ರೂಮು

2ಡಿ ತಗೊಳ್ಳಿ. ಕಾರಣ ದುಡ್ಡಲ್ಲ, ಕಣ್ಣೀರು. 3ಡಿ ಕನ್ನಡಕದ ಹಿಂದೆ ಕಣ್ಣು ತುಂಬಿದರೆ ಒರೆಸೋಕೆ ಅದನ್ನು ತೆಗೀಲೇಬೇಕು. ತೆಗೆದ ಕೂಡಲೇ ಪರದೆ ಮೇಲೆ ಅಜ್ಜಿಯ ಮುಖ ಎರಡಾಗಿ, ಒಂದರ ಪಕ್ಕಕ್ಕೆ ಇನ್ನೊಂದು ಜರುಗಿ ನಿಲ್ಲುತ್ತೆ. ಪವರ್ ಗ್ಲಾಸ್ ಹಾಕುವವರ ಪಾಡು ಇನ್ನೂ ಕಷ್ಟ: ಎರಡು ಜೊತೆ ಕನ್ನಡಕ ಇಳಿಸಿ, ಕಣ್ಣೊರೆಸಿ, ಮತ್ತೆ ಒಂದರ ಮೇಲೊಂದು ಏರಿಸೋ ಹೊತ್ತಿಗೆ ದೃಶ್ಯ ದಾಟಿ ಹೋಗಿರುತ್ತೆ. ಒದ್ದೆ ಬೆರಳು ಗಾಜಿಗೆ ತಾಗಿದರಂತೂ ಮುಗೀತು, ಉಳಿದ ಸಿನಿಮಾ ಪೂರ್ತಿ ಆ ಕಲೆಯ ಹಿಂದಿನಿಂದಲೇ.

ಬೆಳಕಿನ ಲೆಕ್ಕವೂ ಇದೆ. 2ಡಿಯಲ್ಲಿ ಪರದೆಯ ನಡುಭಾಗಕ್ಕೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕು ಅನ್ನೋದು ಮಾನದಂಡ. 3ಡಿಯಲ್ಲಿ ಫಿಲ್ಟರ್, ಕನ್ನಡಕ ಎಲ್ಲ ದಾಟಿ ಕಣ್ಣಿಗೆ ತಲುಪೋದು ಸಾಮಾನ್ಯವಾಗಿ ಅದರ ಮೂರರಲ್ಲಿ ಒಂದು ಪಾಲು. ಪ್ರೊಜೆಕ್ಟರಿನ ದೀಪ ಹಳೆಯದಾಗಿದ್ದರೆ ಅಷ್ಟೂ ಇಲ್ಲ. ಇಂಥ ಕಥೆಗಳಲ್ಲಿ ಮನಸ್ಸು ಕಲಕುವ ದೃಶ್ಯಗಳು ಬರೋದು ರಾತ್ರಿಯಲ್ಲಿ, ಮಂದ ಬೆಳಕಿನ ಕೋಣೆಯಲ್ಲಿ. ಅಲ್ಲಿ ಹುಬ್ಬು, ತುಟಿಯ ಸಣ್ಣ ಚಲನೆ ಕಾಣದಿದ್ದರೆ ಅನಿಮೇಟರ್ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ.

ಮಕ್ಕಳು ಸುಸ್ತಾದಾಗ ಪಕ್ಕದವರ ಹೆಗಲಿಗೆ ಒರಗೋದು ಸಹಜ. 3ಡಿಯಲ್ಲಿ ಎಡಗಣ್ಣು ಬಲಗಣ್ಣಿನ ಚಿತ್ರಗಳ ನಡುವಿನ ಅಂತರ ಅಡ್ಡಕ್ಕೆ ಮಾತ್ರ. ತಲೆ ವಾಲಿದರೆ ಎರಡನ್ನೂ ಕೂಡಿಸೋಕೆ ಕಣ್ಣು ಒದ್ದಾಡಿ ತಲೆನೋವು ಬರುತ್ತೆ. ಜೊತೆಗೆ ದೊಡ್ಡವರ ಅಳತೆಯ ಕನ್ನಡಕ ಐದು ವರ್ಷದವನ ಮೂಗಿನ ಮೇಲೆ ನಿಲ್ಲೋದೇ ಇಲ್ಲ.

ಇನ್ನೊಂದು ಎಚ್ಚರ. 3ಡಿಗೆ ಅಂತ ಸಿಲ್ವರ್ ಸ್ಕ್ರೀನ್ ಕಟ್ಟಿರುವ ಹಾಲ್‌ನಲ್ಲಿ 2ಡಿ ಶೋ ಹಾಕಿದರೂ ಅಂಚಿನ ಸೀಟುಗಳಿಗೆ ಚಿತ್ರ ಮಂಕು. ಬೆಳ್ಳಿ ಲೇಪನ ಬೆಳಕನ್ನು ನೇರಕ್ಕೆ ಹೆಚ್ಚು, ಬದಿಗೆ ಕಡಿಮೆ ವಾಪಸ್ ಕೊಡುತ್ತೆ. ಅದೇ ಸ್ಕ್ರೀನ್‌ನಲ್ಲಿ ಬೇರೆ ಹೊತ್ತಿಗೆ 3ಡಿ ಶೋ ಇದೆಯಾ ಅಂತ ಆ್ಯಪ್‌ನಲ್ಲಿ ನೋಡಿ. ಇದ್ದರೆ ನಡುವಿನ ಸೀಟನ್ನೇ ಹಿಡೀರಿ.

ಇಂಟರ್ವಲ್ ಬಗ್ಗೆ ನೀವು ಕೇಳಿಲ್ಲ, ನಿಜವಾದ ಅಪಾಯ ಇರೋದು ಅಲ್ಲೇ. ಹೊರದೇಶದ ಅನಿಮೇಷನ್‌ನಲ್ಲಿ ಇಂಟರ್ವಲ್ ಅನ್ನೋದೇ ಇರಲ್ಲ. ಫೈಲ್ ಸಾಮಾನ್ಯವಾಗಿ ಸುಮಾರು 20 ನಿಮಿಷದ ರೀಲುಗಳಾಗಿ ಬರುತ್ತೆ, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನು ಥಿಯೇಟರಿನವರೇ ಪ್ಲೇಲಿಸ್ಟಲ್ಲಿ ಸೇರಿಸ್ತಾರೆ. ದೃಶ್ಯ ನೋಡಿ ಹಾಕಿದರೆ ಸರಿ. ಗಡಿಯಾರ ನೋಡಿ ಹಾಕಿದರೆ ಮೊಮ್ಮಗಳು ಬಾಯಿ ತೆರೆಯೋ ಹೊತ್ತಿಗೆ ದೀಪ ಹತ್ತಿ, ಪಾಪ್‌ಕಾರ್ನ್ ಜಾಹೀರಾತು. ಒಂದೇ ಸಿನಿಮಾಕ್ಕೆ ಎರಡು ಥಿಯೇಟರಲ್ಲಿ ಎರಡು ಕಡೆ ಇಂಟರ್ವಲ್ ಬರೋದು ಇದಕ್ಕೇ. ಎಲ್ಲಿ ನಿಲ್ಲಿಸ್ತಾರೆ ಅಂತ ಅದೇ ಥಿಯೇಟರಲ್ಲಿ ನೋಡಿದವರನ್ನು ಕೇಳಿ ಬುಕ್ ಮಾಡಿ.

ಉತ್ತರ | ನಡುಸಾಲು

3ಡಿ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನನ್ನದೂ ಸಹಮತ. ಹಾರಾಟ, ಸಮುದ್ರದಾಳ ಇರುವ ಸಿನಿಮಾ ಆಗಿದ್ದರೆ ಮಾತ್ರ ಜಗಳಕ್ಕೆ ಬರ್ತಿದ್ದೆ.

ಮೂರನೇ ಸಾಲು ಬೇಡವೇ ಬೇಡ. ಕುತ್ತಿಗೆ ನೋವಷ್ಟೇ ಅಲ್ಲ, ಪರದೆಯ ಎರಡೂ ತುದಿ ಒಟ್ಟಿಗೆ ಕಣ್ಣಿಗೆ ಬೀಳಲ್ಲ. ಇಬ್ಬರು ಮಾತಾಡ್ತಿದ್ದರೆ ಟೆನಿಸ್ ನೋಡಿದ ಹಾಗೆ ತಲೆ ತಿರುಗಿಸ್ತಾ ಇರಬೇಕು. ಎಂಟೂ ಒಂದೇ ಸಾಲಲ್ಲಿ ಬೇಕು ಅನ್ನೋ ಹಟ ಬಿಡಿ. ಒಂದರ ಹಿಂದೆ ಒಂದು ಎರಡು ಸಾಲು, ನಾಲ್ಕು ನಾಲ್ಕು. ಒಂದೇ ಸಾಲಿನ ಎಂಟು ಜನರಲ್ಲಿ ಈ ತುದಿಯವರು ನಕ್ಕಿದ್ದು ಆ ತುದಿಯವರಿಗೆ ಕೇಳಿಸಲ್ಲ. ನಾಲ್ಕರ ಹಿಂದೆ ನಾಲ್ಕಾದರೆ ನೀರಿನ ಬಾಟಲಿ, ಟಿಶ್ಯೂ, ಮಗು, ಎಲ್ಲಾ ಕೈದಾಟಿಸಬಹುದು.

ಪರದೆಯಿಂದ ಹಿಂದಿನ ಗೋಡೆವರೆಗಿನ ದೂರದಲ್ಲಿ ಮೂರನೇ ಎರಡು ಭಾಗ ಹಿಂದಕ್ಕೆ ಬನ್ನಿ, ಅಡ್ಡಕ್ಕೆ ನಟ್ಟನಡುವೆ. ಸ್ಪೀಕರುಗಳನ್ನು ಹೊಂದಿಸುವಾಗ ಮೈಕ್ ಇಡುವುದು ಅದರ ಆಸುಪಾಸಿನಲ್ಲೇ. ಮಾತು ಬರೋದು ಪರದೆಯ ಹಿಂದಿನ ನಡು ಸ್ಪೀಕರಿಂದ. ಗೋಡೆ ಪಕ್ಕ ಕೂತರೆ ಕಿವಿಯ ಹತ್ತಿರದ ಸರೌಂಡ್ ಸ್ಪೀಕರ್ ಸಂಗೀತವನ್ನೇ ಮುಂದೆ ಮಾಡಿ, ಅಜ್ಜಿ ಪಿಸುಗುಟ್ಟಿದ್ದು ಕಳೆದುಹೋಗುತ್ತೆ. ಚಿಕ್ಕವನ ನಾಲ್ವರ ಗುಂಪಿಗೆ ಮಾತ್ರ ಓಡಾಡೋ ದಾರಿ ಪಕ್ಕದ ಸೀಟಿರಲಿ.

ದುಡ್ಡು: 2025ರ ಸೆಪ್ಟೆಂಬರ್ 22ರಿಂದ ₹100ರವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿದ್ದರೆ ಶೇ. 18. ಅಂದರೆ ₹200ರ ಟಿಕೆಟ್ ₹236. ಆ್ಯಪ್‌ನ ಕನ್ವೀನಿಯನ್ಸ್ ಫೀ ಟಿಕೆಟ್ ಲೆಕ್ಕದಲ್ಲಿ, ಅದರ ಮೇಲೆ ಮತ್ತೆ ತೆರಿಗೆ. ಎಂಟು ಟಿಕೆಟ್‌ಗೆ ಅದು ಪಾಪ್‌ಕಾರ್ನ್ ದುಡ್ಡಾಗಬಹುದು. ಥಿಯೇಟರ್ ಹತ್ತಿರ ಇರುವವರು ಒಬ್ಬರು ಹಿಂದಿನ ದಿನವೇ ಕೌಂಟರಲ್ಲಿ ತಗೊಂಡರೆ ಉಳಿಯಿತು. ಹೆಚ್ಚಿನ ಮಲ್ಟಿಪ್ಲೆಕ್ಸ್‌ಗಳಲ್ಲಿ ಮೂರು ವರ್ಷ ತುಂಬಿದ ಮಗುವಿಗೂ ಪೂರ್ತಿ ಟಿಕೆಟ್.

ಉತ್ತರ | ಬುತ್ತಿಚೀಲ

ಯುಎ ಅನ್ನೋದು ಹೆತ್ತವರಿಗೆ ಕೊಡುವ ಸೂಚನೆ ಅಷ್ಟೇ. 2024ರಲ್ಲಿ ಅದನ್ನು 7+, 13+, 16+ ಅಂತ ಮೂರು ಮಾಡಿದರು. ದೊಡ್ಡವರ ಜೊತೆ ಐದು ವರ್ಷದವನು ಹೋಗಬಹುದು. 18 ತುಂಬದವರನ್ನು ವಯಸ್ಸು ನೋಡಿ ತಡೆಯೋದು ‘ಎ’ ಸರ್ಟಿಫಿಕೇಟಿಗೆ.

ಭಾಷೆ: ಹುಡುಗನಿಗೆ ಹಿಂದಿಯೂ ಬರಲ್ಲ ಅಂದಮೇಲೆ ಹಿಂದಿ ಶೋಗೆ ಹೋಗಿ ಸಾಧಿಸೋದೇನು? ದೊಡ್ಡವರಿಗೆ ಹಿತವಾಗುವ ಇಂಗ್ಲಿಷ್‌ಗೇ ಹೋಗಿ. ಹಿಂದಿನ ರಾತ್ರಿ ಟ್ರೇಲರ್ ಎರಡು ಸಲ ತೋರಿಸಿ, ಪಾತ್ರಗಳ ಹೆಸರು ಹೇಳಿ, ಕಥೆಯ ಮೊದಲರ್ಧವನ್ನು ಕನ್ನಡದಲ್ಲಿ ಐದಾರು ವಾಕ್ಯದಲ್ಲಿ ಹೇಳಿಬಿಡಿ. ಮುಖ ಗುರುತಿದ್ದರೆ ಮಕ್ಕಳು ಉಳಿದದ್ದನ್ನು ಚಿತ್ರದಿಂದಲೇ ಹಿಡೀತಾರೆ. ಕನ್ನಡಕ್ಕೆ ಡಬ್ಬಿಂಗ್ ಮಾಡೋದಕ್ಕೆ ಅಡ್ಡಿ ಮಾಡೋದು ತಪ್ಪು ಅಂತ ಮಾರುಕಟ್ಟೆಯ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತು. 2025ರಲ್ಲಿ ‘ಮಹಾವತಾರ ನರಸಿಂಹ’ ಅನಿಮೇಷನ್ ಕನ್ನಡದಲ್ಲೂ ಬಂತು. ಆದರೂ ಹಾಲಿವುಡ್ ಅನಿಮೇಷನ್ ಹೆಚ್ಚಾಗಿ ಹಿಂದಿ, ತಮಿಳು, ತೆಲುಗಿಗೆ ಇಳಿದು ನಮ್ಮ ಗಡಿಯಲ್ಲಿ ನಿಂತುಬಿಡುತ್ತೆ. ‘ಇನ್‌ಸೈಡ್ ಔಟ್’ ಜಪಾನಿಗೆ ಹೋದಾಗ ಮಗು ಬೇಡ ಅನ್ನೋ ತರಕಾರಿಯನ್ನೇ ಬ್ರೊಕೊಲಿಯಿಂದ ಹಸಿರು ದಪ್ಪಮೆಣಸಿನಕಾಯಿಗೆ ಬದಲಿಸಿ ಮತ್ತೆ ಚಿತ್ರಿಸಿದರು. ನಮಗೆ ಬದನೆಕಾಯಿ ಬೇಡ, ದನಿ ಸಿಕ್ಕರೆ ಸಾಕಿತ್ತು.

ಅಜ್ಜಿ ವಿಷಯವನ್ನು ಮೊದಲೇ ಸ್ವಲ್ಪ ತಿಳಿಸಿ. “ಅಜ್ಜಿಗೆ ಹುಷಾರು ತಪ್ಪುತ್ತೆ, ಎಲ್ಲರಿಗೂ ಬೇಜಾರಾಗುತ್ತೆ, ಆಮೇಲೆ ನಾವೆಲ್ಲ ಮನೆಗೆ ಬರ್ತೀವಿ.” ಅಷ್ಟು ಸಾಕು. ಐದು ವರ್ಷದ ಮಗು ಹೆದರೋದು ಪರದೆ ನೋಡಿ ಅಲ್ಲ, ಪಕ್ಕದ ದೊಡ್ಡವರು ಬಿಕ್ಕೋದು ನೋಡಿ. ಬೇಗ ಅಳುವವರ ಪಕ್ಕ ಅವನನ್ನು ಕೂರಿಸಬೇಡಿ. ಒಂಬತ್ತರವಳಿಗೆ ಅಷ್ಟು ತಯಾರಿ ಬೇಡ, ಅತ್ತರೆ ಯಾರೂ ತಿರುಗಿ ನೋಡದಿದ್ದರೆ ಆಯಿತು.

ಬೆಳಿಗ್ಗೆ 10ರ ಆಸುಪಾಸಿನ ಶೋ ಹಿಡೀರಿ. ಮಧ್ಯಾಹ್ನ 2ರದ್ದಾದರೆ ಚಿಕ್ಕವನು ಊಟದ ಮೇಲೆ ನಿದ್ದೆಗಣ್ಣಲ್ಲಿ ರಗಳೆ ಮಾಡ್ತಾನೆ.

ಲೆಕ್ಕ ಹಾಕಿ: ಸಿನಿಮಾ 96 ನಿಮಿಷ ಅಂದುಕೊಂಡರೆ ಇಂಟರ್ವಲ್ 48ರ ಸುತ್ತಮುತ್ತ, ಕಣ್ಣೀರಿನ ಭಾಗ 75ರ ನಂತರ. ಇಂಟರ್ವಲ್‌ನಲ್ಲಿ ದೊಡ್ಡ ಲೋಟ ಕೋಲಾ ಕೊಡಿಸಿದರೆ ಸರಿಯಾಗಿ ಆಗಲೇ “ಸುಸ್ಸು” ಅಂತ ಏಳ್ತಾನೆ. ಇಂಟರ್ವಲ್‌ನಲ್ಲಿ ಮೊದಲು ಟಾಯ್ಲೆಟ್, ಆಮೇಲೆ ಎರಡು ಗುಟುಕು ನೀರು, ಅಷ್ಟೇ. ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕು ಥಿಯೇಟರಿಗಿದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಆದರೆ ಕುಡಿಯುವ ನೀರನ್ನು ಅವರು ಪುಕ್ಕಟೆ ಕೊಡಬೇಕು, ಎಳೆಮಗುವಿನ ಆಹಾರವನ್ನು ತಡೆಯುವಂತಿಲ್ಲ. ಸೀಟಿಗೇ ತಿಂಡಿ ತರಿಸೋ ಆಸೆ ಬಿಡಿ. ತರುವವರು ಮೊಬೈಲ್ ಟಾರ್ಚ್ ಹಿಡಿದು ಸಾಲು ಹುಡುಕಿಕೊಂಡು ಬರೋದು ನಿಶ್ಶಬ್ದದ ದೃಶ್ಯದಲ್ಲೇ.

ಟಿಶ್ಯೂಗಿಂತ ಹಳೆಯ ಹತ್ತಿ ಕರ್ಚೀಫು ಮೇಲು, ಚೂರು ರೆಪ್ಪೆಗೆ ಅಂಟಲ್ಲ. ಟಿಶ್ಯೂನೇ ಒಯ್ಯೋದಾದರೆ ಪ್ಯಾಕೆಟನ್ನು ಜಾಹೀರಾತು ಬರುವಾಗಲೇ ಒಡೆದಿಡಿ. ಆ ಪ್ಲಾಸ್ಟಿಕ್ ಸದ್ದು ನಾಲ್ಕು ಸಾಲಿಗೆ ಕೇಳುತ್ತೆ.

ಕೊನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ನಾಲ್ಕಾಗಿ ಜಿ ಮತ್ತು ಎಚ್ ಸಾಲು, 10:10ರ 2ಡಿ ಇಂಗ್ಲಿಷ್ ಹಿಡಿದೆ. ಇನ್ನೊಂದು: ಮುಗಿದ ತಕ್ಷಣ ಎದ್ದು ಬರಬಹುದಾ? ಮಾಲ್‌ನ ಪಾರ್ಕಿಂಗ್ ಗಂಟೆ ಲೆಕ್ಕ.

ಪ್ರೊಜೆಕ್ಟರ್ ರೂಮು

ಕೂತಿರಿ. ಅನಿಮೇಷನ್‌ಗೆ ನೂರಾರು ಜನರ ಹೆಸರು, ಐದು ನಿಮಿಷಕ್ಕೆ ಕಮ್ಮಿ ಇರಲ್ಲ. ‘ಇನ್‌ಸೈಡ್ ಔಟ್ 2’ರ ಹಾಗೆ ಕೊನೆಯ ಹೆಸರಿನ ನಂತರ ಒಂದು ತುಣುಕು ಇಟ್ಟಿರಲೂಬಹುದು. ಸಿನಿಮಾ ತಯಾರಾಗುತ್ತಿದ್ದಾಗ ಅಲ್ಲಿ ದುಡಿಯುವವರ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರಿನ ಪಟ್ಟಿ ಕೆಲವು ಸ್ಟುಡಿಯೋಗಳ ಸಿನಿಮಾದಲ್ಲಿ ಬರುತ್ತೆ, ಒಂಬತ್ತರವಳಿಗೆ ಹುಡುಕೋಕೆ ಹೇಳಿ. ಹೆಸರು ಶುರುವಾದ ಕೂಡಲೇ ದೀಪ ತಾನಾಗಿ ಹತ್ತುವಂತೆ ಕೆಲವು ಕಡೆ ಹೊಂದಿಸಿರ್ತಾರೆ, ಅಷ್ಟರೊಳಗೆ ಮುಖ ಒರೆಸಿಕೊಳ್ಳಿ. ಲಿಫ್ಟ್ ಮುಂದಿನ ನೂಕುನುಗ್ಗಲೂ ಆ ಐದು ನಿಮಿಷದಲ್ಲಿ ಕರಗಿರುತ್ತೆ.